ಹಳೆಯ ಕಾರಿನ ಎ.ಸಿ.ಗೆ ಹೊಸ ಗ್ಯಾಸ್: ಲೇಬಲ್ ಅಂಟಿಸಿದ ಮೇಲೆಯೇ ಕೆಲಸ ಪೂರ್ಣ

ಕಾರಿನ ಒಳಗಿನ ಶಾಖವನ್ನು ಹೀರಿ ಹೊರಗೆ ಬಿಡುವ ದ್ರವ್ಯಕ್ಕೆ ಶೈತ್ಯಕಾರಕವೆಂದು ಹೆಸರು. ಗ್ಯಾರೇಜುಗಳಲ್ಲಿ ಅದನ್ನು ಗ್ಯಾಸ್ ಎಂದಷ್ಟೇ ಕರೆಯುತ್ತಾರೆ. ಒಂದು ಶೈತ್ಯಕಾರಕಕ್ಕಾಗಿ ರೂಪಿಸಿದ ಎ.ಸಿ.ಯನ್ನು ಇನ್ನೊಂದಕ್ಕೆ ಹೊಂದುವಂತೆ ಮಾರ್ಪಡಿಸುವ ಕೆಲಸವನ್ನು ರೆಟ್ರೋಫಿಟ್ ಎನ್ನಲಾಗುತ್ತದೆ. ಹೀಗೆ ಮಾರ್ಪಟ್ಟ ಕಾರಿನಲ್ಲಿ ಈಗ ಯಾವ ಗ್ಯಾಸ್ ಇದೆಯೆಂಬುದು ನೋಡಿದ ಮಾತ್ರಕ್ಕೆ ತಿಳಿಯುವುದಿಲ್ಲ. ಹಳೆಯ ಆರ್-12 ಮತ್ತು ಅದರ ಬದಲಿಗೆ ಬಂದ ಆರ್-134ಎ ಎರಡೂ ಬಣ್ಣವಿಲ್ಲದವು. 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಎರಡರ ಒತ್ತಡವೂ ಸುಮಾರು 5.7 ಬಾರ್ ಇರುವುದರಿಂದ ಗೇಜ್ ಹಾಕಿ ನೋಡಿದರೂ ವ್ಯತ್ಯಾಸ ಗೊತ್ತಾಗದು. ಬೆಳ್ಳಾವಿಯಲ್ಲಿ ಗ್ಯಾಸ್ ತುಂಬಿಸಿಕೊಂಡ ಕಾರು ಮುಂದಿನ ಬೇಸಿಗೆಯಲ್ಲಿ ತುಮಕೂರಿನಲ್ಲೋ ಗುಬ್ಬಿಯಲ್ಲೋ ಬೇರೊಬ್ಬ ಮೆಕ್ಯಾನಿಕ್ಕಿನ ಮುಂದೆ ನಿಂತಾಗ, ಅವನಿಗೆ ಸತ್ಯ ಹೇಳಬಲ್ಲದ್ದು ಬಾನೆಟ್ಟಿನ ಕೆಳಗಿನ ಲೇಬಲ್ ಮಾತ್ರ.

ಹಿನ್ನೆಲೆ

ಆರ್-12 ಎಂಬುದು ಕ್ಲೋರಿನ್ ಇರುವ ಕ್ಲೋರೊಫ್ಲೋರೊಕಾರ್ಬನ್, ಅಂದರೆ ಸಿಎಫ್‌ಸಿ ವರ್ಗದ ವಸ್ತು. ಅದು ಓಝೋನ್ ಪದರವನ್ನು ಕರಗಿಸುತ್ತದೆಂಬ ಕಾರಣಕ್ಕೆ 1987ರ ಸೆಪ್ಟೆಂಬರ್ 16ರ ಮಾಂಟ್ರಿಯಲ್ ಒಪ್ಪಂದ ಅದರ ಬಳಕೆಯನ್ನು ಹಂತಹಂತವಾಗಿ ತಗ್ಗಿಸಲು ನಿರ್ಧರಿಸಿತು. ಭಾರತ 1992ರಲ್ಲಿ ಈ ಒಪ್ಪಂದವನ್ನು ಸೇರಿತು. 2000ದಲ್ಲಿ ಓಝೋನ್ ನಾಶಕ ವಸ್ತುಗಳ ನಿಯಂತ್ರಣ ನಿಯಮಗಳು ಜಾರಿಗೆ ಬಂದವು. 2003ರ ಜನವರಿ 1ರಿಂದ ಸಿಎಫ್‌ಸಿ ಬಳಸುವ ಹೊಸ ಶೈತ್ಯೋಪಕರಣಗಳ ತಯಾರಿಕೆ ನಿಂತಿತು. ಔಷಧದ ಇನ್ಹೇಲರ್‌ಗಳಿಗೆ ಬೇಕಾದುದನ್ನು ಬಿಟ್ಟರೆ 2008ರ ಆಗಸ್ಟ್ 1ರಿಂದ ಸಿಎಫ್‌ಸಿಯ ಉತ್ಪಾದನೆಯೂ ನಿಂತಿತು. ಆದ್ದರಿಂದ ತೊಂಬತ್ತರ ದಶಕದ ಕಾರನ್ನು ಇನ್ನೂ ಉಳಿಸಿಕೊಂಡಿರುವವರಿಗೆ ಎ.ಸಿ. ಬೇಕಿದ್ದರೆ ಮಾರ್ಪಾಡು ಮಾಡಿಸುವುದೇ ಸರಿಯಾದ ದಾರಿ.

ಇಂಥ ಮಾರ್ಪಾಡಿಗೆ ಲೇಬಲ್ ಮತ್ತು ಜೋಡಣೆಗಳ ನಿಯಮಗಳನ್ನು ಅತ್ಯಂತ ವಿವರವಾಗಿ ಬರೆದದ್ದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ. ತನ್ನ ಸ್ನ್ಯಾಪ್ ಎಂಬ ಕಾರ್ಯಕ್ರಮದಡಿ ಅದು 1990ರ ದಶಕದಲ್ಲಿ ರೂಪಿಸಿದ ಷರತ್ತುಗಳು ಅಲ್ಲಿನ ಕಾನೂನಾದರೂ, ಅವುಗಳ ಹಿಂದಿನ ತರ್ಕ ಯಾವ ಊರಿನ ಗ್ಯಾರೇಜಿಗಾದರೂ ಅನ್ವಯಿಸುವಂಥದ್ದು. ಕೆಳಗಿನ ಹಂತಗಳು ಆ ಮಾದರಿಯನ್ನು ಆಧರಿಸಿವೆ.

1. ಮೊದಲು ಹಳೆಯ ಲೇಬಲ್ ಓದಿ, ಬರೆದಿಟ್ಟುಕೊಳ್ಳಬೇಕು

ಎಂಜಿನ್ ಕೋಣೆಯಲ್ಲಿ ತಯಾರಕರು ಅಂಟಿಸಿದ ಮೂಲ ಲೇಬಲ್ಲಿನಲ್ಲಿ ಗ್ಯಾಸಿನ ಹೆಸರು ಮತ್ತು ತೂಕ ಇರುತ್ತದೆ. ಹೊಸ ಗ್ಯಾಸಿನ ಪ್ರಮಾಣವನ್ನು ಲೆಕ್ಕ ಹಾಕುವುದು ಈ ತೂಕದಿಂದಲೇ ಆದುದರಿಂದ, ಮುಂದೆ ಅದನ್ನು ಮುಚ್ಚುವ ಮುನ್ನ ಬರೆದಿಟ್ಟುಕೊಳ್ಳುವುದು ಅಥವಾ ಫೋಟೊ ತೆಗೆದಿಡುವುದು ಅಗತ್ಯ. ವ್ಯವಸ್ಥೆಯಿಂದ ಹೊರತೆಗೆದ ಗ್ಯಾಸನ್ನು ತೂಗಿ ಮೂಲ ಪ್ರಮಾಣವನ್ನು ಊಹಿಸುವುದು ಸರಿಯಲ್ಲ, ಏಕೆಂದರೆ ವರ್ಷಗಳ ಸೋರಿಕೆಯಿಂದ ಅದು ಎಷ್ಟೋ ಕಡಿಮೆಯಾಗಿರಬಹುದು.

2. ಹಳೆಯ ಗ್ಯಾಸನ್ನು ಪೂರ್ತಿ ಹೊರತೆಗೆಯಬೇಕು

ಉಳಿದಿರುವ ಆರ್-12ರ ಮೇಲೆಯೇ ಹೊಸ ಗ್ಯಾಸನ್ನು ತುಂಬುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಹಳೆಯದನ್ನು ಗಾಳಿಗೆ ಬಿಡದೆ ರಿಕವರಿ ಯಂತ್ರದ ಮೂಲಕ ಪ್ರತ್ಯೇಕ ಸಿಲಿಂಡರಿಗೆ ಎಳೆದುಕೊಳ್ಳಬೇಕು; ನೂರು ವರ್ಷಗಳ ಲೆಕ್ಕದಲ್ಲಿ ಒಂದು ಕಿಲೊ ಆರ್-12 ಸುಮಾರು 10,900 ಕಿಲೊ ಇಂಗಾಲದ ಡೈಆಕ್ಸೈಡಿಗೆ ಸಮನಾಗಿ ಭೂಮಿಯನ್ನು ಬಿಸಿಮಾಡುತ್ತದೆ. ಎರಡು ಗ್ಯಾಸು ಬೆರೆತರೆ ಒತ್ತಡ ಅಂದಾಜಿಗೆ ಸಿಗುವುದಿಲ್ಲ, ಕಂಪ್ರೆಸರ್ ಹಾಳಾಗಬಹುದು, ಆ ಮಿಶ್ರಣವನ್ನು ಎಳೆದುಕೊಂಡ ಸಿಲಿಂಡರಿನಲ್ಲಿರುವ ಒಳ್ಳೆಯ ಗ್ಯಾಸೂ ಕೆಡುತ್ತದೆ.

3. ಎಣ್ಣೆ, ಡ್ರೈಯರ್ ಮತ್ತು ಸೀಲುಗಳನ್ನು ಬದಲಿಸಬೇಕು

ಕಂಪ್ರೆಸರಿನ ಒಳಗೆ ತಿರುಗುವ ಭಾಗಗಳಿಗೆ ಬೇಕಾದ ಎಣ್ಣೆ ಗ್ಯಾಸಿನ ಜೊತೆಗೇ ಸುತ್ತುತ್ತದೆ. ಆರ್-12ಗೆ ಬಳಸುತ್ತಿದ್ದ ಖನಿಜ ಎಣ್ಣೆ ಆರ್-134ಎಯಲ್ಲಿ ಬೆರೆಯದ ಕಾರಣ, ಪಿಎಜಿ ಅಥವಾ ಎಸ್ಟರ್ ಎಂಬ ಕೃತಕ ಎಣ್ಣೆಯನ್ನು ಹಾಕಬೇಕಾಗುತ್ತದೆ. ಅಲ್ಪಸ್ವಲ್ಪ ಹಳೆಯ ಎಣ್ಣೆ ಉಳಿದಿರುವ ಸಾಧ್ಯತೆಯಿದ್ದರೆ ಎಸ್ಟರ್ ಹೆಚ್ಚು ಸಹಿಸಿಕೊಳ್ಳುತ್ತದೆ. ತೇವವನ್ನು ಹೀರುವ ಡ್ರೈಯರನ್ನು ಹೊಸ ಗ್ಯಾಸಿಗೆ ಹೊಂದುವಂಥದ್ದಕ್ಕೆ ಬದಲಿಸಿ, ತೆಗೆದ ಜೋಡಣೆಗಳಲ್ಲೆಲ್ಲ ಹೊಸ ಓ-ರಿಂಗ್ ಹಾಕಬೇಕು. ಒತ್ತಡ ಮಿತಿಮೀರಿದಾಗ ಗ್ಯಾಸನ್ನು ಹೊರಬಿಡುವ ಕವಾಟ ಇರುವ ಕಾರಿನಲ್ಲಿ, ಆ ಹಂತಕ್ಕೆ ಮೊದಲೇ ಕಂಪ್ರೆಸರನ್ನು ನಿಲ್ಲಿಸುವ ಸ್ವಿಚ್ ಇರಲೇಬೇಕೆಂದು ಅಮೆರಿಕದ ನಿಯಮ ಹೇಳುತ್ತದೆ.

4. ಗ್ಯಾಸ್ ತುಂಬುವ ಬಾಯಿಗಳನ್ನು ಬದಲಿಸಬೇಕು

ಲೇಬಲ್ಲಿನ ಮಾತಿಗೆ ಲೋಹದಲ್ಲಿ ಬೆಂಬಲ ಕೊಡುವುದು ಈ ಹಂತ. ಆರ್-12ರ ಬಾಯಿಗಳು ತಿರುಪಿನವು. ಆರ್-134ಎಯದು ಒತ್ತಿದರೆ ಕೂರುವ ಕಪ್ಲರ್, ಕಡಿಮೆ ಒತ್ತಡದ ಕಡೆ 13 ಮಿಲಿಮೀಟರ್ ಮತ್ತು ಹೆಚ್ಚು ಒತ್ತಡದ ಕಡೆ 16 ಮಿಲಿಮೀಟರ್ ಅಳತೆಯದು. ಪ್ರತಿ ಗ್ಯಾಸಿಗೂ ಬೇರೆ ಬಾಯಿ ಇದ್ದರೆ ತಪ್ಪು ಹೋಸು ಕೂರುವುದೇ ಇಲ್ಲ. ಹೊಸ ಬಾಯಿಯನ್ನು ಸುಲಭವಾಗಿ ಬಿಚ್ಚಲಾಗದಂತೆ ಅಂಟು ಹಾಕಿ ಬಿಗಿಯಬೇಕು. ಬದಲಿಸಲಾಗದ ಹಳೆಯ ಬಾಯಿಯಿದ್ದರೆ ಅದನ್ನು ಶಾಶ್ವತವಾಗಿ ಮುಚ್ಚಬೇಕು. ಗ್ಯಾಸ್ ತುಂಬುವಾಗ ಅಡಾಪ್ಟರ್ ಹಾಕಿ ಕೆಲಸ ಮುಗಿದ ಮೇಲೆ ತೆಗೆದುಕೊಂಡು ಹೋಗುವ ಪದ್ಧತಿ ಈ ನಿಯಮದ ಉದ್ದೇಶವನ್ನೇ ಕೆಡಿಸುತ್ತದೆ.

5. ವ್ಯಾಕ್ಯೂಮ್ ಮಾಡಿ, ತೂಗಿ ತುಂಬಬೇಕು

ಒಳಗಿನ ಗಾಳಿ ಮತ್ತು ತೇವವನ್ನು ಪಂಪಿನಿಂದ ಕನಿಷ್ಠ ಅರ್ಧ ಗಂಟೆ ಎಳೆದು, ಸೋರಿಕೆ ಇಲ್ಲವೆಂದು ಖಚಿತಪಡಿಸಿಕೊಂಡ ಮೇಲೆ ಗ್ಯಾಸ್ ತುಂಬಲಾಗುತ್ತದೆ. ಆರ್-134ಎಯ ಪ್ರಮಾಣ ಸಾಮಾನ್ಯವಾಗಿ ಹಳೆಯ ಗ್ಯಾಸಿನ ತೂಕದ ಶೇ. 80ರಿಂದ 90ರಷ್ಟು, ಮೂಲ ಲೇಬಲ್ಲಿನಲ್ಲಿ 800 ಗ್ರಾಂ ಎಂದಿದ್ದರೆ 640ರಿಂದ 720 ಗ್ರಾಂ ಸಾಕು. ತಂಪು ಬರಲೆಂದು ಇನ್ನಷ್ಟು ತುಂಬಿದರೆ ಏಪ್ರಿಲ್ ಬಿಸಿಲಿನಲ್ಲಿ ಕಂಡೆನ್ಸರಿನ ಒತ್ತಡ ಏರುತ್ತದೆಯೇ ಹೊರತು ತಂಪು ಹೆಚ್ಚುವುದಿಲ್ಲ.

6. ಹೊಸ ಲೇಬಲ್ಲಿನಲ್ಲಿ ಏನಿರಬೇಕು

ಅಮೆರಿಕದ ನಿಯಮದ ಪ್ರಕಾರ ಲೇಬಲ್ಲಿನಲ್ಲಿ ಈ ವಿವರಗಳು ಇರಬೇಕು: ಕೆಲಸ ಮಾಡಿದ ಮೆಕ್ಯಾನಿಕ್ ಮತ್ತು ಗ್ಯಾರೇಜಿನ ಹೆಸರು, ವಿಳಾಸ, ಮಾರ್ಪಾಡಿನ ದಿನಾಂಕ, ಗ್ಯಾಸಿನ ವ್ಯಾಪಾರದ ಹೆಸರು, ಆರ್-134ಎ ಎಂಬಂಥ ಅಂತರರಾಷ್ಟ್ರೀಯ ಸಂಖ್ಯೆ ಮತ್ತು ತುಂಬಿದ ತೂಕ, ಎಣ್ಣೆಯ ಬಗೆ, ತಯಾರಕರು ಮತ್ತು ಪ್ರಮಾಣ. ತುಂಬಿದ ಗ್ಯಾಸಿನಲ್ಲಿ ಓಝೋನ್ ನಾಶಕ ಅಂಶವಿದ್ದರೆ ಹಾಗೆಂದೂ, ಅದು ಹೊತ್ತಿಕೊಳ್ಳುವಂಥದ್ದಾದರೆ ಎಚ್ಚರಿಕೆಯ ವಾಕ್ಯವನ್ನೂ ಸೇರಿಸಬೇಕು.

ಈ ಪಟ್ಟಿಯಲ್ಲಿ ಯಾವುದೂ ಅಲಂಕಾರಕ್ಕಾಗಿ ಬಂದಿಲ್ಲ. ತೂಕ ಗೊತ್ತಿಲ್ಲದ ಮೆಕ್ಯಾನಿಕ್ ಅಂದಾಜಿನ ಮೇಲೆ ತುಂಬುತ್ತಾನೆ. ಎಣ್ಣೆಯ ಬಗೆ ಗೊತ್ತಿಲ್ಲದವನು ಕೈಗೆ ಸಿಕ್ಕಿದ್ದನ್ನು ಸುರಿಯುತ್ತಾನೆ. ವ್ಯಾಪಾರದ ಹೆಸರೊಂದನ್ನೇ ಬರೆದರೆ, ಒಂದೇ ಕಂಪನಿ ಒಂದೇ ಹೆಸರಿನಡಿ ಹಲವು ಗ್ಯಾಸುಗಳನ್ನು ಮಾರುವುದರಿಂದ ಗೊಂದಲ ಉಳಿಯುತ್ತದೆ. ಸಂಖ್ಯೆಗಳನ್ನು ಅಂಕಿಗಳಲ್ಲಿ, ವಿವರಗಳನ್ನು ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ಬರೆದರೆ ಕುಣಿಗಲ್ ಮೂಲಕ ಮಂಗಳೂರಿಗೋ, ರಾಜ್ಯದ ಗಡಿ ದಾಟಿ ಬೇರೆಡೆಗೋ ಹೋದ ಕಾರಿಗೂ ಅದು ಉಪಯೋಗಕ್ಕೆ ಬರುತ್ತದೆ.

ಪ್ರತಿ ಗ್ಯಾಸಿನ ಲೇಬಲ್ಲಿಗೂ ಅಮೆರಿಕದಲ್ಲಿ ಬೇರೆ ಹಿನ್ನೆಲೆ ಬಣ್ಣವಿದೆ: ಆರ್-12ಗೆ ಬಿಳಿ, ಆರ್-134ಎಗೆ ಆಕಾಶ ನೀಲಿ. ನೀಲಿ ಕಾಗದದ ಮೇಲೆ ಮುದ್ರಿಸುವುದು ಹೆಚ್ಚು ಖರ್ಚಿನ ಕೆಲಸವಲ್ಲದ್ದರಿಂದ ಇದನ್ನು ಇಲ್ಲಿಯೂ ಅನುಸರಿಸಬಹುದು.

7. ಎಲ್ಲಿ, ಹೇಗೆ ಅಂಟಿಸಬೇಕು

ಹೊಸ ಲೇಬಲ್ಲನ್ನು ಹಳೆಯ ಗ್ಯಾಸಿನ ವಿವರದ ಮೇಲೆಯೇ ಅಂಟಿಸಬೇಕು. ಅದು ಮುಚ್ಚದೆ ಉಳಿಸಿದ ಹಳೆಯ ವಿವರವನ್ನು ಓದಲಾಗದಂತೆ ಶಾಶ್ವತವಾಗಿ ಅಳಿಸಬೇಕು. ಎರಡು ಲೇಬಲ್ಲುಗಳು ಎರಡು ಮಾತು ಹೇಳುವ ಕಾರು ಲೇಬಲ್ಲೇ ಇಲ್ಲದ ಕಾರಿಗಿಂತ ಅಪಾಯಕಾರಿ. ರಿಪೇರಿಯಲ್ಲಿ ಬದಲಾಗುವ ಬಿಡಿಭಾಗದ ಮೇಲೆ ಅಂಟಿಸಿದರೆ ಆ ಭಾಗದೊಂದಿಗೇ ಮಾಹಿತಿಯೂ ಗುಜರಿಗೆ ಹೋಗುತ್ತದೆ. ಆದ್ದರಿಂದ ಎಂಜಿನ್ ಕೋಣೆಯ ಸ್ಥಿರ ಲೋಹದ ಭಾಗವೇ ಸೂಕ್ತ. ಎಂಜಿನ್ ಶಾಖ, ಡೀಸೆಲ್ ಹಾಕಿ ಒರೆಸುವ ಬಟ್ಟೆ ಮತ್ತು ನೀರಿನ ಪ್ರೆಷರ್ ಇವುಗಳಿಗೆ ಕೈಬರಹದ ಕಾಗದ ತಡೆಯುವುದಿಲ್ಲ; ಲ್ಯಾಮಿನೇಟ್ ಮಾಡಿದ ಸ್ಟಿಕ್ಕರ್ ಅಥವಾ ಅಕ್ಷರ ಕೊರೆದ ಅಲ್ಯುಮಿನಿಯಂ ತಗಡು ತಡೆಯುತ್ತದೆ.

8. ಮಾಡಬಾರದ ಮಾರ್ಪಾಡುಗಳು

ಅಡುಗೆ ಅನಿಲದಂಥ ಹೈಡ್ರೋಕಾರ್ಬನ್ನುಗಳು ಚೆನ್ನಾಗಿ ತಂಪು ಮಾಡುತ್ತವೆಯಾದರೂ, ಅವು ಸುಲಭವಾಗಿ ಹೊತ್ತಿಕೊಳ್ಳುವ ಕಾರಣ ಆರ್-12ರ ಬದಲಿಗೆ ಕಾರಿನ ಎ.ಸಿ.ಗೆ ತುಂಬುವುದನ್ನು ಅಮೆರಿಕದಲ್ಲಿ ನಿಷೇಧಿಸಲಾಗಿದೆ. ಐರೋಪ್ಯ ಒಕ್ಕೂಟದಲ್ಲಿ 2017ರಿಂದ ಹೊಸ ಕಾರುಗಳಿಗೆಲ್ಲ, ಭೂತಾಪ ಏರಿಸುವ ಶಕ್ತಿ 150ನ್ನು ಮೀರದ ಗ್ಯಾಸೇ ಬೇಕೆಂಬ ನಿಯಮ ಬಂದದ್ದರಿಂದ ಆರ್-1234ವೈಎಫ್ ಬಳಕೆಗೆ ಬಂದಿದೆ. ಅದೂ ಅಲ್ಪಮಟ್ಟಿಗೆ ಹೊತ್ತಿಕೊಳ್ಳಬಲ್ಲದ್ದು. ಅದಕ್ಕಾಗಿಯೇ ವಿನ್ಯಾಸಗೊಂಡ ಕಾರಿಗೆ ಮಾತ್ರ ಅದು ಸಲ್ಲುತ್ತದೆ.

ಆರ್-134ಎ ಓಝೋನಿಗೆ ಹಾನಿ ಮಾಡದಿದ್ದರೂ ಅದರ ಭೂತಾಪ ಶಕ್ತಿ 1,430ರಷ್ಟಿದೆ. ಮಾಂಟ್ರಿಯಲ್ ಒಪ್ಪಂದಕ್ಕೆ 2016ರಲ್ಲಿ ಮಾಡಿದ ಕಿಗಾಲಿ ತಿದ್ದುಪಡಿಯನ್ನು 2021ರಲ್ಲಿ ಅನುಮೋದಿಸಿದ ಭಾರತ, ಈ ವರ್ಗದ ಗ್ಯಾಸುಗಳ ಬಳಕೆಯನ್ನು 2032ರಲ್ಲಿ ಶೇ. 10ರಿಂದ ಆರಂಭಿಸಿ 2047ರ ವೇಳೆಗೆ ಶೇ. 85ರಷ್ಟು ತಗ್ಗಿಸಬೇಕಾಗಿದೆ. ಅಂದರೆ ಇಂದು ಹೊಸದೆನಿಸುವ ಗ್ಯಾಸು ಮುಂದೊಂದು ದಿನ ಹಳೆಯದಾಗಿ, ಒಂದೇ ರಸ್ತೆಯಲ್ಲಿ ಹಲವು ಗ್ಯಾಸುಗಳ ಕಾರುಗಳು ಓಡಾಡುವ ಕಾಲ ಮತ್ತೆ ಬರುತ್ತದೆ.

ಮಾಲೀಕರು ನೋಡಿಕೊಳ್ಳಬೇಕಾದದ್ದು

ಹಣ ಕೊಡುವ ಮುನ್ನ ಬಾನೆಟ್ ತೆರೆಸಿ ಮೂರು ಅಂಶಗಳನ್ನು ಪರಿಶೀಲಿಸಬೇಕು: ಬಾಯಿಗಳು ಬದಲಾಗಿವೆಯೇ, ಹಳೆಯ ಲೇಬಲ್ ಪೂರ್ತಿ ಮುಚ್ಚಿದೆಯೇ, ಹೊಸದರಲ್ಲಿ ಗ್ಯಾಸಿನ ಸಂಖ್ಯೆ, ತೂಕ ಮತ್ತು ಎಣ್ಣೆಯ ಬಗೆ ಇವೆಯೇ ಎಂದು. ಅದೇ ವಿವರಗಳನ್ನು ಬಿಲ್ಲಿನಲ್ಲೂ ಬರೆಸಿಕೊಂಡು ಆರ್.ಸಿ. ಜೊತೆ ಇಟ್ಟರೆ ಕಾರು ಮಾರುವಾಗ ಕೊಳ್ಳುವವರಿಗೆ ದಾಖಲೆ ದೊರೆಯುತ್ತದೆ. ಹಳೆಯ ಕಾರನ್ನು ಕೊಳ್ಳುವವರು ಲೇಬಲ್ ಇಲ್ಲದಿರುವುದನ್ನು ಕಂಡರೆ, ಗ್ಯಾಸ್ ಗುರುತಿಸುವ ಯಂತ್ರವಿರುವ ಕಡೆ ಪರೀಕ್ಷೆ ಮಾಡಿಸುವವರೆಗೆ ಒಂದು ಗ್ರಾಂ ಗ್ಯಾಸನ್ನೂ ಸೇರಿಸಿಕೊಳ್ಳಬಾರದು.