ಈ ಮಾತ್ರೆಗೆ ಸ್ವಲ್ಪ ಸಮಯ ಕೊಡಿ

ಮನೆಯಲ್ಲಿ ಯಾರಾದರೂ ಖಿನ್ನತೆಗೆ ಔಷಧಿ ಶುರು ಮಾಡಿದ್ದಾರೆಯೇ? ಹಾಗಿದ್ದರೆ ಈ ಮಾತು ಅವರ ಜೊತೆಗಿರುವ ನಿಮಗೆ.

ತಲೆನೋವಿನ ಮಾತ್ರೆಯಂತೆ ಇದು ಅರ್ಧ ಗಂಟೆಯಲ್ಲಿ ಕೆಲಸ ಮಾಡುವುದಿಲ್ಲ. ಗುಣ ಕಾಣಲು ಸಾಮಾನ್ಯವಾಗಿ 2ರಿಂದ 4 ವಾರ ಬೇಕು, ಕೆಲವರಿಗೆ ಇನ್ನೂ ಹೆಚ್ಚು. ಹೊಟ್ಟೆ ತೊಳಸುವುದು, ಬಾಯಿ ಒಣಗುವುದು, ನಿದ್ದೆ ಏರುಪೇರಾಗುವುದು ಮಾತ್ರ ಮೊದಲ ವಾರವೇ ಬಂದುಬಿಡಬಹುದು. "ಮಾತ್ರೆ ತಗೊಂಡ್ಮೇಲೇ ಜಾಸ್ತಿ ಆಯ್ತು, ಬಿಟ್ಬಿಡು" ಎನ್ನುವ ಸಲಹೆ ಹುಟ್ಟುವುದೇ ಆಗ. ದಯವಿಟ್ಟು ಹಾಗೆ ಹೇಳಬೇಡಿ, ವೈದ್ಯರಿಗೆ ತಿಳಿಸಿ. ಚೇತರಿಸಿಕೊಂಡ ಮೇಲೂ ಹಲವು ತಿಂಗಳು ಔಷಧಿ ಮುಂದುವರಿಸಬೇಕಾಗುತ್ತದೆ. ನಿಲ್ಲಿಸುವುದಾದರೂ ವೈದ್ಯರು ಹೇಳಿದಂತೆ ನಿಧಾನವಾಗಿ ಇಳಿಸಬೇಕು.

"ಮನಸ್ಸು ಗಟ್ಟಿ ಮಾಡ್ಕೋ" ಎಂದು ನೀವು ಹೇಳುವುದು ಪ್ರೀತಿಯಿಂದಲೇ, ನಿಜ. ಆದರೆ ಹಾಸಿಗೆಯಿಂದ ಏಳಲೂ ಆಗದವರಿಗೆ ಅದು ಆಪಾದನೆಯಂತೆ ಕೇಳಿಸುತ್ತದೆ. "ಕಾಫಿ ಮಾಡಿದೀನಿ, ಕುಡಿದು ಬೀದಿ ತುದಿವರೆಗೆ ಹೋಗ್ಬರೋಣ ಬಾ" ಎನ್ನುವುದು ನನ್ನ ಪ್ರಕಾರ ಎಷ್ಟೋ ದೊಡ್ಡ ಸಹಾಯ. ಬರಲಿಲ್ಲವಾದರೆ ಬೇಸರ ಬೇಡ, ನಾಳೆ ಮತ್ತೆ ಕರೆಯಿರಿ.

ಸಾವಿನ ಮಾತು ಬಂದರೆ ಹಗುರವಾಗಿ ತೆಗೆದುಕೊಳ್ಳಬೇಡಿ. "ಸಾಯ್ಬೇಕು ಅನ್ನಿಸ್ತಿದೆಯಾ?" ಎಂದು ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ, ಒಳಗಿದ್ದದ್ದು ಹೊರಬರಲು ದಾರಿಯಾಗುತ್ತದೆ. ಒಂಟಿಯಾಗಿ ಬಿಡದೆ ಕೂಡಲೇ ವೈದ್ಯರ ಬಳಿ ಕರೆದೊಯ್ಯಿರಿ. 2022ರಲ್ಲಿ ಆರಂಭವಾದ ಟೆಲಿ ಮನಸ್ ಸಹಾಯವಾಣಿ 14416 ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ನೋಡಿಕೊಂಡು ನೋಡಿಕೊಂಡು ದಣಿದಿದ್ದರೆ ನಿಮಗಾಗಿಯೂ ಕರೆ ಮಾಡಿ.