ಸೀಕ್ರೆಟ್ ಬೇರೆ, ಪ್ರೈವೇಟ್ ಬೇರೆ: ಸಮಾನಾರ್ಥಕ ಪದಗಳ ಒಂದು ಪಾಠ



ರಾಯದುರ್ಗ, ಮಡಕಶಿರಾ ಕಡೆಯ ಕನ್ನಡ ಶಾಲೆಗಳಲ್ಲಿ ಓದುವ ನಿಮಗೆ ಮೂರು ಭಾಷೆಗಳ ನಂಟು. ಪಾಠ ಕನ್ನಡದಲ್ಲಿ, ಕಚೇರಿಯ ಅರ್ಜಿ ತೆಲುಗಿನಲ್ಲಿ, ಮೊಬೈಲಿನ ಆ್ಯಪ್ ಇಂಗ್ಲಿಷಿನಲ್ಲಿ. ಆ್ಯಪ್ ತೆರೆದ ಕೂಡಲೇ ಪರ್ಮಿಷನ್, ಕನ್ಸೆಂಟ್, ಪ್ರೈವೆಸಿ ಅನ್ನೋ ಪದಗಳು ಬರ್ತವೆ. ಓದದೇ 'ಅಲೋ' ಒತ್ತಿಬಿಡ್ತೀವಿ.

ಸಮಾನಾರ್ಥಕ ಪದಗಳನ್ನು ಅಂಕಕ್ಕಾಗಿ ಬಾಯಿಪಾಠ ಮಾಡುವಾಗ ಎರಡು ಪದಗಳ ಅರ್ಥ ಒಂದೇ ಅಂದುಕೊಳ್ತೀವಿ. ಆದರೆ ವಿಜ್ಞಾನದ ಪಾಠ ನೆನಪಿಸಿಕೊಳ್ಳಿ. ತೂಕ ಮತ್ತು ದ್ರವ್ಯರಾಶಿ ಒಂದೇ ಅಂದರೆ ಸಂತೆಯಲ್ಲಿ ನಡೆಯುತ್ತೆ, ಭೌತಶಾಸ್ತ್ರದಲ್ಲಿ ನಡೆಯಲ್ಲ. ನೀತಿ ಮತ್ತು ಖಾಸಗಿತನಕ್ಕೆ ಸಂಬಂಧಿಸಿದ ಇಂಗ್ಲಿಷ್ ಪದಗಳೂ ಹಾಗೆಯೇ. ಅವುಗಳನ್ನು ಬೇರೆ ಮಾಡಲು ಒಂದೇ ಪ್ರಶ್ನೆ ಸಾಕು: ಇಲ್ಲಿ ತೀರ್ಮಾನ ಯಾರದು?

1. ಮಾರಲ್ಸ್ ಮತ್ತು ಎಥಿಕ್ಸ್

ಮಾರಲ್ಸ್ ಲ್ಯಾಟಿನ್ ಮೂಲದ ಪದ, ಎಥಿಕ್ಸ್ ಗ್ರೀಕ್ ಮೂಲದ್ದು. ಎರಡರ ಮೂಲದಲ್ಲೂ ರೂಢಿ, ನಡವಳಿಕೆ ಎಂಬ ಅರ್ಥವಿದೆ. ಇಂದಿನ ಬಳಕೆಯಲ್ಲಿ ಸಣ್ಣ ವ್ಯತ್ಯಾಸ ಬಂದಿದೆ. ಸರಿ ತಪ್ಪುಗಳ ಬಗ್ಗೆ ಒಬ್ಬ ವ್ಯಕ್ತಿಯ ನಂಬಿಕೆ ಮಾರಲ್ಸ್. ಒಂದು ವೃತ್ತಿಯವರೆಲ್ಲ ಸೇರಿ ವಿಚಾರ ಮಾಡಿ ಒಪ್ಪಿಕೊಂಡ ನಿಯಮಗಳು ಎಥಿಕ್ಸ್. ಅದಕ್ಕೇ 'ಮೆಡಿಕಲ್ ಎಥಿಕ್ಸ್' ಅಂತೀವಿ, 'ಮೆಡಿಕಲ್ ಮಾರಲ್ಸ್' ಅನ್ನಲ್ಲ.

ಇಂಥ ನಿಯಮ ಯಾಕೆ ಬೇಕಾಯ್ತು? ಎರಡನೇ ಮಹಾಯುದ್ಧದ ಕಾಲದಲ್ಲಿ ನಾಜಿ ವೈದ್ಯರು ಸೆರೆಶಿಬಿರಗಳ ಕೈದಿಗಳ ಮೇಲೆ ಬಲವಂತದ ಪ್ರಯೋಗಗಳನ್ನು ನಡೆಸಿದರು. ಅವರ ವಿಚಾರಣೆ ಮುಗಿದು 1947ರಲ್ಲಿ ತೀರ್ಪು ಬಂದಾಗ, ಅದರಲ್ಲಿ 10 ಅಂಶಗಳ ನ್ಯೂರೆಂಬರ್ಗ್ ಸಂಹಿತೆ ಇತ್ತು. ಪ್ರಯೋಗಕ್ಕೆ ಒಳಗಾಗುವ ವ್ಯಕ್ತಿ ಸ್ವಇಚ್ಛೆಯಿಂದ ಒಪ್ಪಲೇಬೇಕು ಎಂಬುದೇ ಅದರ ಮೊದಲ ಅಂಶ.

2. ಸೀಕ್ರೆಟ್, ಕಾನ್ಫಿಡೆನ್ಷಿಯಲ್, ಪ್ರೈವೇಟ್

ಮೂರಕ್ಕೂ 'ಗುಟ್ಟು' ಅಂತ ಬರೆದರೆ ಅರ್ಥ ಕೆಡುತ್ತೆ. ಉದಾಹರಣೆ ನೋಡಿ.

ಎ.ಟಿ.ಎಂ. ಪಿನ್ ಸೀಕ್ರೆಟ್. ಅದು ಬ್ಯಾಂಕಿನ ಸಿಬ್ಬಂದಿಗೂ ಗೊತ್ತಿರಬಾರದು.

ಖಾತೆಯಲ್ಲಿರುವ ಹಣ ಎಷ್ಟು ಅನ್ನೋದು ಕಾನ್ಫಿಡೆನ್ಷಿಯಲ್. ಅದು ಬ್ಯಾಂಕಿಗೆ ಗೊತ್ತು, ಆದರೆ ಬೇರೆಯವರಿಗೆ ಹೇಳುವಂತಿಲ್ಲ. ನಂಬಿ ಕೊಟ್ಟದ್ದನ್ನು ಕಾಪಾಡುವ ಹೊಣೆ ಈ ಪದದಲ್ಲಿದೆ.

ಸ್ನಾನ ಪ್ರೈವೇಟ್. ನಾವೆಲ್ಲ ಸ್ನಾನ ಮಾಡ್ತೀವಿ ಅನ್ನೋದು ಊರಿಗೇ ಗೊತ್ತು, ಅದರಲ್ಲಿ ಗುಟ್ಟೇನೂ ಇಲ್ಲ. ಆದರೂ ಬಾಗಿಲು ಹಾಕಿಕೊಳ್ತೀವಿ. ತಪ್ಪು ಮಾಡ್ತಿರೋದಕ್ಕಲ್ಲ, ಅದು ನಮ್ಮದು ಅನ್ನೋದಕ್ಕೆ. 'ಮುಚ್ಚಿಡೋಕೆ ಏನೂ ಇಲ್ಲ ಅಂದ್ಮೇಲೆ ತೋರಿಸೋಕೆ ಏನು ಕಷ್ಟ?' ಅಂತ ಯಾರಾದರೂ ಕೇಳಿದರೆ ಈ ಉತ್ತರ ಕೊಡಿ.

ಶಾಲೆಯಲ್ಲಿ ಹಿಮೋಗ್ಲೋಬಿನ್ ಪರೀಕ್ಷೆ ಮಾಡ್ತಾರೆ ಅಂತಿಟ್ಟುಕೊಳ್ಳಿ. ಹೈಸ್ಕೂಲಿನ ಹುಡುಗಿಯರಲ್ಲಿ 100 ಮಿಲಿಲೀಟರ್ ರಕ್ತಕ್ಕೆ 12 ಗ್ರಾಂಗಿಂತ ಕಡಿಮೆ ಇದ್ದರೆ ಅದು ರಕ್ತಹೀನತೆ. ಈ ಸಂಖ್ಯೆ ನರ್ಸ್ ಅವರಿಗೆ, ನಿಮಗೆ, ಮನೆಯವರಿಗೆ ಗೊತ್ತಿರಬೇಕು, ಇಲ್ಲದಿದ್ದರೆ ಚಿಕಿತ್ಸೆ ಇಲ್ಲ. ಆದ್ದರಿಂದ ಅದು ಸೀಕ್ರೆಟ್ ಅಲ್ಲ. ಹಾಗಂತ ತರಗತಿಯಲ್ಲಿ ಹೆಸರು ಕೂಗಿ ಓದುವ ಹಾಗೂ ಇಲ್ಲ, ಯಾಕಂದ್ರೆ ಅದು ಕಾನ್ಫಿಡೆನ್ಷಿಯಲ್.

ಇನ್ನೊಂದು ಮಾತು, ಇದನ್ನು ಮರೆಯಬೇಡಿ. ನಿಮಗೆ ನೋವಾಗುವಂಥದ್ದು, ಹೆದರಿಕೆ ಆಗುವಂಥದ್ದು ಏನನ್ನೋ ಮಾಡಿ, 'ಇದು ನಮ್ಮಿಬ್ಬರ ಸೀಕ್ರೆಟ್, ಯಾರಿಗೂ ಹೇಳಬೇಡ' ಅಂತ ಯಾರಾದರೂ ಅಂದರೆ, ಅದು ನಿಮ್ಮ ಪ್ರೈವೆಸಿ ಅಲ್ಲ. ತೀರ್ಮಾನ ಯಾರದು ಅಂತ ಕೇಳಿ: ಅವರದು, ನಿಮ್ಮದಲ್ಲ. ಅಂಥ ಗುಟ್ಟನ್ನು ಕಾಪಾಡಬೇಕಾಗಿಲ್ಲ. ನಂಬುವ ದೊಡ್ಡವರಿಗೆ ಹೇಳಿ, ಇಲ್ಲವೇ 1098ಕ್ಕೆ ಫೋನ್ ಮಾಡಿ. ಅದು ಮಕ್ಕಳ ಸಹಾಯವಾಣಿ.

3. ಪ್ರೈವೆಸಿ: ಕನ್ನಡಿಗರೊಬ್ಬರು ಹೂಡಿದ ಮೊಕದ್ದಮೆ

ಪ್ರೈವೆಸಿಗೆ ತೆಲುಗು ಪತ್ರಿಕೆಗಳು 'ಗೋಪ್ಯತ' ಅಂತ ಬರೆಯುತ್ತವೆ, ಕನ್ನಡ ಪತ್ರಿಕೆಗಳು ಹೆಚ್ಚಾಗಿ 'ಖಾಸಗಿತನ' ಅಂತ ಬರೆಯುತ್ತವೆ. ಗೋಪ್ಯದಲ್ಲಿ ಮರೆಮಾಡುವ ಅರ್ಥ ಮುಂದಿದೆ, ಖಾಸಗಿಯಲ್ಲಿ 'ನನ್ನದು' ಎಂಬ ಅರ್ಥ ಮುಂದಿದೆ. ಎರಡೂ ಭಾಷೆ ಬಲ್ಲ ನಿಮಗೆ ಈ ವ್ಯತ್ಯಾಸ ಬೇಗ ಹೊಳೆಯುತ್ತೆ.

ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಆಂಧ್ರಪ್ರದೇಶದ ಹಿಂದುಳಿದ ವರ್ಗಗಳ ಆಯೋಗದ ಅಧ್ಯಕ್ಷರಾಗಿಯೂ ಕೆಲಸ ಮಾಡಿದವರು. ಹುಟ್ಟಿದ್ದು 1926ರಲ್ಲಿ. 2012ರಲ್ಲಿ, 86ರ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. 1954ರಲ್ಲಿ 8 ನ್ಯಾಯಮೂರ್ತಿಗಳ ಪೀಠ ನೀಡಿದ ತೀರ್ಪೊಂದು ಖಾಸಗಿತನದ ಹಕ್ಕಿಗೆ ಅಡ್ಡವಾಗಿತ್ತು. ಹಾಗಾಗಿ 9 ನ್ಯಾಯಮೂರ್ತಿಗಳು ಕೂರಬೇಕಾಯಿತು. ಖಾಸಗಿತನ ಮೂಲಭೂತ ಹಕ್ಕು, ಅದು ಸಂವಿಧಾನದ 21ನೇ ವಿಧಿಯ ಜೀವ ಮತ್ತು ಸ್ವಾತಂತ್ರ್ಯದ ಹಕ್ಕಿನಲ್ಲೇ ಅಡಗಿದೆ ಎಂದು 2017ರ ಆಗಸ್ಟ್ 24ರಂದು ಒಂಬತ್ತೂ ಮಂದಿ ಒಮ್ಮತದಿಂದ ಹೇಳಿದರು. ಮುಂದಿನ ವರ್ಷ ಬಂದ ಇನ್ನೊಂದು ತೀರ್ಪು ಆಧಾರ್ ಯೋಜನೆಯನ್ನು ಬಹುಪಾಲು ಎತ್ತಿಹಿಡಿಯಿತು. ಆದರೆ ಶಾಲೆಗೆ ಸೇರಲು ಆಧಾರ್ ಕಡ್ಡಾಯವಲ್ಲ, ಮಕ್ಕಳ ನೋಂದಣಿಗೆ ಪೋಷಕರ ಕನ್ಸೆಂಟ್ ಬೇಕು ಎಂದೂ ಹೇಳಿತು.

4. ಪರ್ಮಿಷನ್, ಕನ್ಸೆಂಟ್, ಅಸೆಂಟ್

ನಿಘಂಟಿನಲ್ಲಿ ಮೂರಕ್ಕೂ 'ಒಪ್ಪಿಗೆ' ಸಿಗಬಹುದು. ಪರ್ಮಿಷನ್ ಅಧಿಕಾರ ಇದ್ದವರು ಕೊಡುವುದು. ರಜೆ ಬೇಕಾದರೆ ಹೆಡ್ಮಾಸ್ಟರ್ ಪರ್ಮಿಷನ್ ಕೊಡ್ತಾರೆ. ಕನ್ಸೆಂಟ್ ನಮ್ಮ ದೇಹ, ನಮ್ಮ ಮಾಹಿತಿಯ ಬಗ್ಗೆ ನಾವೇ ಕೊಡುವುದು. ನಮ್ಮ ಮಾತಿನಲ್ಲೂ ಎರಡು ಪದ ಇವೆ: ಅನುಮತಿ ಮತ್ತು ಸಮ್ಮತಿ. ಲ್ಯಾಟಿನ್‌ನ 'ಕಾನ್' ಅಂದರೆ ಜೊತೆಗೂಡಿ, ಸಂಸ್ಕೃತದ 'ಸಂ' ಅಂದರೂ ಅದೇ. ಆದ್ದರಿಂದ ಕನ್ಸೆಂಟ್‌ಗೆ ಸಮ್ಮತಿಯೇ ಸರಿಯಾದ ಜೋಡಿ.

18 ತುಂಬದವರ ಪರವಾಗಿ ಕನ್ಸೆಂಟ್ ಕೊಡುವುದು ಪೋಷಕರು. ಹಾಗಾದರೆ ನಿಮ್ಮ ಮಾತಿಗೆ ಬೆಲೆ ಇಲ್ಲವೇ? ಇದೆ, ಅದರ ಹೆಸರು ಅಸೆಂಟ್. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯಂತೆ, ವೈದ್ಯಕೀಯ ಸಂಶೋಧನೆಗೆ ಮಕ್ಕಳನ್ನು ಸೇರಿಸಿಕೊಳ್ಳುವಾಗ ಪೋಷಕರ ಕನ್ಸೆಂಟ್ ಜೊತೆಗೆ 7 ವರ್ಷ ದಾಟಿದ ಮಕ್ಕಳ ಅಸೆಂಟ್ ಕೂಡ ಬೇಕು. ಚಿಕ್ಕವರು ಬಾಯಿಮಾತಿನಲ್ಲಿ ಹೇಳಿದರೆ ಸಾಕು, 12 ದಾಟಿದವರು ಬರೆದು ಕೊಡಬೇಕು.

ಕನ್ಸೆಂಟ್ ಹೇಗಿರಬೇಕು ಅಂತ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಐದು ವಿಶೇಷಣಗಳಲ್ಲಿ ಹೇಳುತ್ತೆ.

ಫ್ರೀ: ಬಲವಂತ ಇಲ್ಲದೆ.
ಸ್ಪೆಸಿಫಿಕ್: ಇಂಥದ್ದಕ್ಕೆ ಮಾತ್ರ ಅಂತ ಖಚಿತವಾಗಿ.
ಇನ್‌ಫಾರ್ಮ್ಡ್: ವಿಷಯ ತಿಳಿದು.
ಅನ್‌ಕಂಡಿಷನಲ್: ಷರತ್ತಿಲ್ಲದೆ.
ಅನ್‌ಆಂಬಿಗ್ಯುಯಸ್: ಎರಡರ್ಥಕ್ಕೆ ಎಡೆ ಇಲ್ಲದೆ.

ಕೊಟ್ಟ ಸಮ್ಮತಿಯನ್ನು ವಾಪಸು ಪಡೆಯಲೂಬಹುದು. ವಿವರಗಳನ್ನು ಇಂಗ್ಲಿಷ್ ಅಥವಾ ಸಂವಿಧಾನದ 8ನೇ ಅನುಸೂಚಿಯ 22 ಭಾಷೆಗಳಲ್ಲಿ ಯಾವುದರಲ್ಲಾದರೂ ಓದುವ ಅವಕಾಶ ಇರಬೇಕು ಅಂತಲೂ ಈ ಕಾಯ್ದೆ ಹೇಳುತ್ತೆ. ಆ ಪಟ್ಟಿಯಲ್ಲಿ ಕನ್ನಡವೂ ಇದೆ, ತೆಲುಗೂ ಇದೆ. 'ಅರ್ಥ ಆಗ್ಲಿಲ್ಲ, ಆದ್ರೂ ಸಹಿ ಹಾಕಿದೆ' ಅನ್ನೋದು ಇನ್‌ಫಾರ್ಮ್ಡ್ ಕನ್ಸೆಂಟ್ ಅಲ್ಲ.

5. ಅನಾನಿಮಸ್

ಅನಾನಿಮಸ್ ಅಂದರೆ ಅನಾಮಧೇಯ. ಹೆಸರು ಅಳಿಸಿದರೆ ಸಾಕಾ? ಲೆಕ್ಕ ಹಾಕೋಣ. 3,000 ಜನರ ಒಂದು ಊರು. ಹೆಸರು ಬರೆಯದೆ, ಹುಟ್ಟಿದ ದಿನಾಂಕ ಮತ್ತು ಗಂಡೋ ಹೆಣ್ಣೋ ಎಂಬುದನ್ನು ಮಾತ್ರ ಬರೆಯೋಣ. 70 ವರ್ಷಗಳಿಗೆ 365 × 70 = 25,550 ದಿನಾಂಕಗಳು, ಅದರ ಎರಡರಷ್ಟು 51,100 ಗೂಡುಗಳು. ಇರುವವರು 3,000 ಮಂದಿ ಮಾತ್ರ. ಹೆಚ್ಚಿನವರು ತಮ್ಮ ಗೂಡಿನಲ್ಲಿ ಒಬ್ಬರೇ ಇರ್ತಾರೆ, ಅಂದರೆ ಹೆಸರಿಲ್ಲದೆಯೂ ಸಿಕ್ಕಿಬೀಳ್ತಾರೆ! ಅಮೆರಿಕದ ವಿಜ್ಞಾನಿ ಲತಾನ್ಯಾ ಸ್ವೀನಿ ಅವರು 2000ನೇ ಇಸವಿಯಲ್ಲಿ ತೋರಿಸಿದ್ದು ಇದನ್ನೇ. ನಮ್ಮ ಪಿನ್‌ಕೋಡ್‌ನಂಥ ಸಂಖ್ಯೆ, ಹುಟ್ಟಿದ ದಿನಾಂಕ, ಲಿಂಗ, ಈ ಮೂರರಿಂದಲೇ ಆ ದೇಶದ ಶೇ. 87ರಷ್ಟು ಜನರನ್ನು ಗುರುತಿಸಬಹುದು ಅಂತ ಅವರು ಅಂದಾಜು ಮಾಡಿದರು. ಹುಟ್ಟುಹಬ್ಬದ ದಿನಾಂಕವನ್ನು ಎಲ್ಲ ಆ್ಯಪ್‌ಗೂ ಕೊಡೋ ಮುಂಚೆ ಯೋಚಿಸಿ.

ಅಭ್ಯಾಸ

ಸರಿಯಾದ ಪದ ಆರಿಸಿ.
ಅ) ಗೆಳತಿಯ ಫೋಟೊ ಸ್ಟೇಟಸ್‌ಗೆ ಹಾಕಲು ಅವಳಿಂದ ಬೇಕಾದದ್ದು (ಪರ್ಮಿಷನ್ / ಕನ್ಸೆಂಟ್).
ಆ) ಮೊಬೈಲಿಗೆ ಬರುವ ಒ.ಟಿ.ಪಿ. (ಪ್ರೈವೇಟ್ / ಸೀಕ್ರೆಟ್).
ಇ) ಡಾಕ್ಟರ ಹತ್ತಿರ ಇರುವ ನಿಮ್ಮ ವರದಿ (ಕಾನ್ಫಿಡೆನ್ಷಿಯಲ್ / ಅನಾನಿಮಸ್).

ಉತ್ತರ: ಅ) ಕನ್ಸೆಂಟ್. ಆ) ಸೀಕ್ರೆಟ್. ಇ) ಕಾನ್ಫಿಡೆನ್ಷಿಯಲ್.

ಮನೆಗೆಲಸ: ವಿದ್ಯಾರ್ಥಿಗಳಿಗೆ ಕೊಡುವ 'ಅಪಾರ್' ಗುರುತಿನ ಸಂಖ್ಯೆಗಾಗಿ ಶಾಲೆಯಿಂದ ಪೋಷಕರಿಗೆ ಬರುವುದು ಕನ್ಸೆಂಟ್ ಫಾರ್ಮ್. ಅದಾಗಲಿ, ಅಂಥ ಬೇರೆ ಯಾವುದೇ ಫಾರ್ಮ್ ಆಗಲಿ ಮನೆಗೆ ಬಂದಾಗ ಅಪ್ಪ ಅಮ್ಮನ ಜೊತೆ ಕೂತು ಪೂರ್ತಿ ಓದಿ, ಗೊತ್ತಾಗದ ಪದಗಳಿಗೆ ಗೆರೆ ಎಳೆಯಿರಿ. ಅವುಗಳ ಅರ್ಥವನ್ನು ನಿಮ್ಮ ಮೇಷ್ಟ್ರನ್ನೋ ಟೀಚರನ್ನೋ ಕೇಳಿ. ಸಹಿ ಆಮೇಲೆ.