ಹೊಸ ಕಿಡ್ನಿ ಪಡೆದವರ ಮನೆಗೆ ಹೋಗುವ ಮುನ್ನ

ಬಂಧುಗಳಿಗೆ ಕಿಡ್ನಿ ಕಸಿಯಾಯಿತೆಂದು ಕೇಳಿದೊಡನೆ ಹಣ್ಣು ಹಿಡಿದು ನೋಡಲು ಹೊರಡುವುದು ನಮ್ಮ ರೂಢಿ. ಮನೆಯವರು ಬಾಗಿಲಲ್ಲೇ "ಈಗ ಬೇಡ" ಎಂದರೆ ನೊಂದುಕೊಳ್ಳಬೇಡಿ, ಅದಕ್ಕೆ ಕಾರಣವಿದೆ.

ದೇಹವು ಪರರ ಅಂಗವನ್ನು ಶತ್ರುವೆಂದೆಣಿಸಿ ಹೋರಾಡುತ್ತದೆ. 1954ರಲ್ಲಿ ಬೋಸ್ಟನ್ ನಗರದಲ್ಲಿ ಡಾ. ಜೋಸೆಫ್ ಮರ್ರೆಯವರು ನಡೆಸಿದ ಮೊದಲ ಯಶಸ್ವಿ ಕಸಿಯಲ್ಲಿ ಈ ತೊಂದರೆ ಬರಲಿಲ್ಲ. ಕೊಟ್ಟವರೂ ಪಡೆದವರೂ ತದ್ರೂಪಿ ಅವಳಿಗಳು. ಉಳಿದವರು ಟ್ಯಾಕ್ರೋಲಿಮಸ್, ಮೈಕೊಫೆನೊಲೇಟ್, ಪ್ರೆಡ್ನಿಸೊಲೋನ್ ಮುಂತಾದ ಮಾತ್ರೆಗಳನ್ನು ನುಂಗಬೇಕು. ಇವು ರೋಗನಿರೋಧಕ ಶಕ್ತಿಯನ್ನು ತಗ್ಗಿಸಿ ಕಿಡ್ನಿಯನ್ನು ಉಳಿಸುತ್ತವೆ. ಆದರೆ ಕಾವಲುಗಾರ ಮಲಗಿದ ಮನೆಗೆ ಕಳ್ಳ ನುಗ್ಗುವುದು ಸುಲಭ. ನಮಗೆ ಎರಡು ದಿನದ ನೆಗಡಿ, ಅವರಿಗೆ ನ್ಯುಮೋನಿಯಾ ಆದೀತು. ಅಡಗಿದ್ದ ಕ್ಷಯವೂ ತಲೆಯೆತ್ತೀತು. ಮೊದಲ ಆರು ತಿಂಗಳು ಅಪಾಯ ಹೆಚ್ಚು.

ನೆನಪಿಡಿ:

1. ಕೆಮ್ಮು, ಜ್ವರ, ಸೀತಾಳೆ ಸಿಡುಬು ಇದ್ದವರು ಭೇಟಿಗೆ ಹೋಗಬಾರದು.

2. ಕಾಯಿಸದ ಹಾಲು, ಅರೆಬೆಂದ ಮಾಂಸ ರೋಗಿಗೆ ಬೇಡ. ಚಕ್ಕೋತ ಹಣ್ಣನ್ನೂ ಒಯ್ಯಬೇಡಿ. ರಕ್ತದಲ್ಲಿ ಔಷಧದ ಪ್ರಮಾಣವನ್ನು ಅದು ಏರಿಸಬಲ್ಲದು.

3. ಜ್ವರ 100.4 ಡಿಗ್ರಿ ಮುಟ್ಟಿದರೆ ಅಂದೇ ವೈದ್ಯರಿಗೆ ತಿಳಿಸಬೇಕು.

4. "ಗುಣವಾಯಿತಲ್ಲ" ಎಂದು ಮಾತ್ರೆ ನಿಲ್ಲಿಸಬಾರದು. ದೇಹ ಕಿಡ್ನಿಯನ್ನೇ ತಿರಸ್ಕರಿಸೀತು.

ರೋಗಿಗಳನ್ನು ಸಂದರ್ಶಿಸುವುದು ದಯಾಕಾರ್ಯ. ನೆಗಡಿಯಾದ ದಿನ ಮನೆಯಲ್ಲೇ ಉಳಿದು ಅವರಿಗಾಗಿ ಜಪಸರ ಹೇಳುವುದೂ ಸಂದರ್ಶನವೇ.